ಬಾವಿಯೊಳಗಿನ ದೇವರುಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಮೂವತ್ತು ವರ್ಷಕ್ಕೂ ಮೀರಿ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನ ಕಲಿಸಿದವಳು ನಾನು; ಸಿಟ್ಟಿಲ್ಲದೆ ಆಗುವ ಕೆಲಸವಲ್ಲ ಅದು. ಆದರೆ ಆ ಸಿಟ್ಟೆಲ್ಲ ಮಕ್ಕಳ ಮೇಲೆ, ಒಡೆದ ಗಾಜಿನ ನಳಿಕೆಗಳ ಮೇಲೆ, ಗಂಡನ ಮೇಲೆ ಖರ್ಚಾಯಿತೇ ಹೊರತು ಎಲ್ಲಿ ಬೇಕಿತ್ತೋ ಅಲ್ಲಿ ಒಮ್ಮೆಯೂ ಬರಲಿಲ್ಲ. ನಿವೃತ್ತಿಯಾದ ಮೇಲೆ, ಸಂಕ್ರಾಂತಿ ಮುಗಿದ ವಾರದಲ್ಲಿ, ರಾಯಚೂರಿನ ನಮ್ಮ ಓಣಿಯ ಬಾವಿಯ ಕಟ್ಟೆಗೆ ಯಾರೋ ಕೆಂಪು ಬಣ್ಣದಲ್ಲಿ ಒಂದು ಅಂಕಿ ಬರೆದು ಹೋದರು. ಆವತ್ತು ಸಿಟ್ಟು ಸರಿಯಾದ ಜಾಗಕ್ಕೆ ಬಂತು.

ಬಾವಿ ದೊಡ್ಡದೇನಲ್ಲ. ಎರಡು ಬಂಡಿ ಪಕ್ಕಪಕ್ಕ ನಿಲ್ಲಿಸಿದರೆ ಮುಚ್ಚಿಹೋಗುವಷ್ಟು ಬಾಯಿ, ಒಂದು ಬದಿಗೆ ಇಳಿಯಲು ಕಲ್ಲಿನ ಮೆಟ್ಟಿಲು. ನಾನು ಸೊಸೆಯಾಗಿ ಬಂದಾಗ ಓಣಿಯವರೆಲ್ಲ ಬಳಸುವ ನೀರು ಅಲ್ಲಿಂದಲೇ ತರುತ್ತಿದ್ದರು. ನಲ್ಲಿ ಬಂತು, ಆಮೇಲೆ ಬೋರು ಬಂತು, ಬಾವಿಗೆ ಕಸ ಬಂತು. ಅಂಕಿಯ ಅರ್ಥವೇನೆಂದು ಎದುರು ಮನೆಯವರನ್ನು ಕೇಳಿದೆ. ಬಾವಿಗೆ ಕಲ್ಲುಮಣ್ಣು ತುಂಬಿ, ಮೇಲೆ ಸ್ಲ್ಯಾಬ್ ಹಾಕಿ, ಗಾಡಿ ನಿಲ್ಲಿಸಲು ಜಾಗ ಮಾಡುತ್ತಾರಂತೆ ಎಂದರು. ಅವರ ಮುಖದಲ್ಲಿ ಸಂತೋಷವಿತ್ತು. ಅವರ ಮನೆಯಲ್ಲಿ ಗಾಡಿಗಳು ಮೂರು.

ಒಂದು ಬಾವಿಗೆ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ಅದು ಒಂದೇ ಬಾವಿಯ ಸಿಟ್ಟಲ್ಲ, ಅದಕ್ಕೇ ಹಿಂದಿನದನ್ನು ಹೇಳಬೇಕು.

ನನಗೆ ಮೊದಲು ಕೆಲಸ ಸಿಕ್ಕಿದ್ದು ದೇವದುರ್ಗದಲ್ಲಿ. ಶಾಲೆಯ ಹಿಂದೆ ಒಂದು ಸೇದುವ ಬಾವಿ. ಹುಡುಗಿಯರು ಬುತ್ತಿ ಉಂಡು ಡಬ್ಬಿ ತೊಳೆಯುತ್ತಿದ್ದುದು, ಬಿಸಿಲಿಗೆ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದುದು ಅದರ ಕಟ್ಟೆಯ ಮೇಲೆ. ಒಂದು ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಬಾವಿಯಿಲ್ಲ. ಅದರ ಮೇಲೆ ಸಿಮೆಂಟಿನ ಟ್ಯಾಂಕು ಕೂತಿದೆ. ಟ್ಯಾಂಕಿಗೆ ಪೈಪು ಬರಬೇಕಿತ್ತು. ನಾನು ಅಲ್ಲಿದ್ದಷ್ಟು ವರ್ಷ ಬರಲಿಲ್ಲ. ನಾನೇನು ಮಾಡಿದೆ? ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಪಾಠಕ್ಕೆ ಹೋದೆ.

ಮಾನ್ವಿಯದು ಇದಕ್ಕಿಂತ ನಾಚಿಕೆಯ ಸಂಗತಿ. ಅಲ್ಲಿ ಶಾಲೆಯ ಗೋಡೆಗೆ ಹೊಂದಿಕೊಂಡಂತೆ ಒಂದು ಹಳೆಯ ಹೊಂಡವಿತ್ತು, ನಾಲ್ಕೂ ಕಡೆ ಮೆಟ್ಟಿಲು. ಅಂಗಡಿ ಸಾಲು ಕಟ್ಟಲೆಂದು ಅದಕ್ಕೆ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಸುರಿಯುತ್ತಿದ್ದರು. ಅದೇ ದಿನ ನಮ್ಮ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ, ವಿಷಯ 'ನೀರು ಉಳಿಸಿ'. ಟ್ರ್ಯಾಕ್ಟರಿನ ಸದ್ದಿಗೆ ಮಕ್ಕಳಿಗೆ ತೊಂದರೆಯಾಗುತ್ತದೆಂದು ನಾನೇ ಎದ್ದು ಕಿಟಕಿ ಮುಚ್ಚಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಂದೇ ಸಾಲು ಬರೆದುಕೊಟ್ಟಳು: "ಟೀಚರ್, ಕಿಟಕಿ ತಗೀರಿ, ಹೊಂಡ ಮುಚ್ಚಾಕತ್ತಾರ." ನಾನು ಕೆಂಪು ಶಾಯಿಯಲ್ಲಿ 'ಪುಟ ತುಂಬಿಲ್ಲ' ಎಂದು ಬರೆದು ಸೊನ್ನೆ ಕೊಟ್ಟೆ. ಹನಿಹನಿ ಕೂಡಿದರೆ ಹಳ್ಳ ಎಂದು ಎರಡು ಪುಟ ತುಂಬಿಸಿದವನಿಗೆ ಮೊದಲ ಬಹುಮಾನ ಕೊಟ್ಟೆ. ಇದನ್ನು ನೆನೆದಾಗೆಲ್ಲ ಈಗಲೂ ನನಗೆ ನನ್ನ ಕೈ ಮೇಲೆಯೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹಾಗಾಗಿ ಮೂರನೆಯ ಸಲ ಸುಮ್ಮನಿರಬಾರದೆಂದು ಅರ್ಜಿ ಬರೆದುಕೊಂಡು ನಗರಾಡಳಿತದ ಕಚೇರಿಗೆ ಹೋದೆ. ಸಂಬಂಧಪಟ್ಟ ಅಧಿಕಾರಿ ನನ್ನ ವಿದ್ಯಾರ್ಥಿಗಳ ವಯಸ್ಸಿನವನು, ಮರ್ಯಾದಸ್ಥ. ಕುರ್ಚಿ ಕೊಟ್ಟ, ಚಹಾ ತರಿಸಿದ. ಅವನ ಹಿಂದಿನ ಗೋಡೆಯ ಮೇಲೆ ಒಂದು ದೊಡ್ಡ ಕೆರೆಯ ಬಣ್ಣದ ನಕ್ಷೆ: ಕಾರಂಜಿ, ದೋಣಿ, ಬಣ್ಣದ ದೀಪ, ಸುತ್ತ ಓಡಾಡಲು ಹಾದಿ.

"ಮೇಡಂ, ಇದು ಭಾಳ ಸಣ್ಣ ಕೆಲ್ಸ ಆತರೀ," ಎಂದ. "ದೊಡ್ಡ ಯೋಜನಾ ಆದ್ರ ಫೈಲ್ ತಾನಾಗೇ ಓಡ್ತದ. ಇಂಥ ಸಣ್ಣದು ನೂಕಿದ್ರೂ ಸರಿಯಂಗಿಲ್ಲ. ಮತ್ತ ನಿಮ್ಮ ಒಂದ್ ಬಾವಿ ಉಳಿಸಿದ್ರ ಈ ಊರಿನ ನೀರಡಿಕಿ ಹೋಗ್ತದೇನು? ಆನಿ ಹೊಟ್ಟಿಗಿ ಅರೆಕಾಸಿನ ಮಜ್ಜಿಗಿ."

"ಆನಿಗಿ ಬ್ಯಾಡ್ರಿ," ಎಂದೆ. "ಆ ಮಜ್ಜಿಗಿ ನಮ್ಮ ಓಣಿಗಿ ಕೊಡ್ರಿ, ನಾವು ಕುಡಿತೀವಿ."

ಅವನು ನಕ್ಕ. ನಾನು ನಗಲಿಲ್ಲ. ಆಗ ಅವನು ದನಿ ಸ್ವಲ್ಪ ಗಟ್ಟಿ ಮಾಡಿ, "ಒಣ ಬಾವಿ ಇಟ್ಕೊಂಡು ಏನ್ ಮಾಡ್ತೀರಿ? ನಾಳೆ ಯಾರರ ಬಿದ್ರ ನಾ ಉತ್ತರ ಹೇಳಬೇಕು. ನೀರು ಇದ್ದಿದ್ರ ಮಾತು ಬ್ಯಾರೆ ಇತ್ತು," ಎಂದ.

"ನೀರು ತೋರ್ಸಿದ್ರ?"

"ಉಗಾದಿ ಮುಗಿದ ಮ್ಯಾಲ ಟಿಪ್ಪರ್ ಬರ್ತದ. ಅಷ್ಟ್ರಾಗ ನೀರು ತೋರ್ಸ್ರಿ, ಮುಚ್ಚೋ ಬಾವಿಗಳ ಪಟ್ಟಿಯಿಂದ ತಗೀತೀನಿ."

ಅವನು ಹೇಳಿದ್ದು ನನ್ನನ್ನು ಸಾಗಹಾಕಲು. ನಾನು ಮಾಸ್ತರಿಕೆ ಮಾಡಿದವಳು, ಬಾಯಿಮಾತು ನಂಬುವುದಿಲ್ಲ. ಅದನ್ನೇ ಅರ್ಜಿಯ ಮೇಲೆ ಅವನ ಕೈಯಿಂದ ಬರೆಸಿ, ಸಹಿ ಹಾಕಿಸಿಕೊಂಡು ಎದ್ದೆ. ಚಹಾ ಮುಟ್ಟಲಿಲ್ಲ.

ದೊಡ್ಡ ಕೆರೆಯ ಮೇಲೆ ನನಗೆ ಹಗೆಯಿಲ್ಲ. ಕಾರಂಜಿ ಹಾರಲಿ, ಜನ ಫೋಟೋ ತೆಗೆಸಿಕೊಳ್ಳಲಿ. ಆದರೆ ಕೆರೆಗೆ ನಕ್ಷೆಯಿದೆ, ಫೈಲಿದೆ, ಉದ್ಘಾಟನೆಗೆ ಬರುವವರಿದ್ದಾರೆ. ಓಣಿಯ ಬಾವಿಗೆ, ಗುಡಿಯ ಹಿಂದಿನ ನಾಲ್ಕು ಬೇವಿನ ಮರಕ್ಕೆ, ಕೋಟೆಯ ಗೋಡೆಯ ಪಕ್ಕ ಉಳಿದಿರುವ ಅಂಗೈಯಗಲದ ಹೊಂಡಕ್ಕೆ ಯಾರಿದ್ದಾರೆ? ಪಕ್ಕದಲ್ಲಿ ಇರುವವರು ಇದ್ದರೆ ಇದ್ದಾರೆ, ಇಲ್ಲದಿದ್ದರೆ ಇಲ್ಲ. ಊರು ಒಣಗುವುದು ಇಂಥವು ಒಂದೊಂದೇ ಹೋಗಿ. ಹಾಗಿದ್ದರೆ ಮೊದಲು ಕೈ ಹಾಕಬೇಕಾದದ್ದೂ ಇಂಥವಕ್ಕೇ. ಇದು ನನ್ನ ಹಟ ಎಂದರೆ ಹಟವೇ ಸರಿ.

ಬಾವಿಯ ಹೂಳು ತೆಗೆಯಲು ಜನ ಬೇಕಲ್ಲ. ದೇವದುರ್ಗದ ಕಡೆಯ ಒಬ್ಬ ಕುರಿಗಾರ ಮುದುಕ ನೆನಪಾದ. ಅವನ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಬೇಸಿಗೆ ಬರುವ ಮೊದಲು ಕುರಿಗಳ ನೀರಿಗಾಗಿ ದಾರಿಯ ಹಾಳುಬಾವಿಗಳ ಹೂಳು ತೆಗೆಯುವುದು ಅವರ ಮನೆತನದಲ್ಲಿ ನಡೆದುಬಂದ ಕೆಲಸ. ಹೇಳಿಕಳಿಸಿದೆ. ಶಿವರಾತ್ರಿ ಕಳೆದ ಮೇಲೆ ಹೆಂಡತಿಯನ್ನೂ ಇಬ್ಬರು ಅಳಿಯಂದಿರನ್ನೂ ಕರೆದುಕೊಂಡು, ಹಗ್ಗ ಬುಟ್ಟಿಗಳೊಂದಿಗೆ ಬಂದ. ದಿನವೂ ಬೆಳಿಗ್ಗೆ ಅವನು ಮೊದಲು ಮಾಡುತ್ತಿದ್ದುದು ಒಂದೇ: ಹಚ್ಚಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಡುವುದು. ಕಂದೀಲು ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ, ಯಾರೂ ಇಳಿಯಕೂಡದು. ಆರದಿದ್ದರೆ ಕಟ್ಟೆಗೆ ಕೈ ಮುಗಿದು ಇಳಿಯುತ್ತಿದ್ದ. ಮೂವತ್ತು ವರ್ಷ ನಾನು ಆಮ್ಲಜನಕದ ಪಾಠ ಮಾಡಿದ್ದೇನೆ, ಇಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ.

ಐದು ದಿನ ಪ್ಲಾಸ್ಟಿಕ್ಕು, ತೆಂಗಿನ ಚಿಪ್ಪು, ಹರಿದ ಗಾದಿ, ಒಂದು ಸೈಕಲ್ಲು ಮೇಲೆ ಬಂದವು. ಆರನೆಯ ದಿನ ಮಧ್ಯಾಹ್ನಕ್ಕೆ ಮೊದಲೇ ನಾಲ್ವರೂ ಮೇಲೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟರು.

"ಯಾಕಪ್ಪ?" ಎಂದೆ.

"ಇನ್ ಮುಂದ ಆಗಂಗಿಲ್ರೀ ಯವ್ವಾ," ಎಂದ ಮುದುಕ. "ಕೆಳಗ ಎಲ್ಲಾ ದ್ಯಾವ್ರೇ ಅದಾರ."

ಬಗ್ಗಿ ನೋಡಿದೆ. ಬಾವಿಯ ತಳದ ತುಂಬ ದೇವರ ಫೋಟೋಗಳು. ಕಟ್ಟು ಹಾಕಿಸಿದವು, ಗಾಜು ಒಡೆದವು, ಒಂದರ ಮೇಲೊಂದು. ನಮ್ಮಲ್ಲಿ ಹಳೆಯದಾದ, ಬಿರುಕು ಬಿಟ್ಟ ದೇವರ ಫೋಟೋವನ್ನು ಯಾರೂ ಕಸಕ್ಕೆ ಹಾಕುವುದಿಲ್ಲ; ಪಾಪ ಬರುತ್ತದೆ. ನೀರಿಗೆ ಬಿಡುತ್ತಾರೆ. ದೇವಸುಗೂರಿಗೆ ಹೋದಾಗ ಕೃಷ್ಣೆಗೆ ಬಿಟ್ಟರಾಯಿತೆಂದು ತೆಗೆದಿಟ್ಟಿರುತ್ತಾರೆ, ಹೋಗುವುದಾಗುವುದಿಲ್ಲ, ಕೊನೆಗೆ ಒಂದು ಸೋಮವಾರ ಅರಿಶಿನ ಕುಂಕುಮ ಹಚ್ಚಿ ಓಣಿಯ ಬಾವಿಗೇ ಬಿಡುತ್ತಾರೆ. ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಯಾರೂ ಬಗ್ಗಿ ನೋಡಿದ್ದಿಲ್ಲ. ಎಷ್ಟೋ ವರ್ಷಗಳ ಭಕ್ತಿ ಅಲ್ಲಿ ಗಾಜು, ಕಟ್ಟಿಗೆ, ಮೊಳೆಗಳಾಗಿ ಗಟ್ಟಿಯಾಗಿ ಕೂತಿತ್ತು. ಹೂಳು ಇದ್ದದ್ದು ಅದರ ಕೆಳಗೆ.

"ಕುರಿ ಹಿಕ್ಕಿಯೊಳಗ ಕೈ ಹಾಕು ಅಂದ್ರ ಹಾಕ್ತೀನಿ," ಎಂದ ಮುದುಕ. "ದ್ಯಾವ್ರ ಮ್ಯಾಲ ಕಾಲಿಡು ಅಂದ್ರ ಒಲ್ಲೆ."

ಸುದ್ದಿ ಹಬ್ಬಿ ಓಣಿಯವರೆಲ್ಲ ಸೇರಿದರು. ನಮ್ಮ ಓಣಿಯ ಹಿರಿಯರು ಅಕ್ಕಿ ಗಿರಣಿಯ ಮಾಲಕರು. ಹಣೆ ತುಂಬ ವಿಭೂತಿ, ಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ. ಅವರು ಕೋಲೂರಿಕೊಂಡು ಬಂದು ತೀರ್ಪು ಕೊಟ್ಟರು: "ನೀರಿಗಿ ಬಿಟ್ಟಿದ್ದು ಹೊರಗ ತಗೀಬಾರ್ದು. ಅಪಚಾರ ಆಗ್ತದ. ಬಾವಿ ಹೆಂಗದನೋ ಹಂಗ ಬಿಡ್ರಿ."

"ನೀರೆಲ್ಲಿ ಅದರೀ?" ಎಂದು ನಾನು ಕೂಗಿದೆ. ನನ್ನ ದನಿಗೆ ಎದುರು ಮನೆಯ ಕೂಸು ಅಳತೊಡಗಿತು. "ನೀರು ಇದ್ರ ನೀರಿಗಿ ಬಿಟ್ಟಂಗ! ಒಣ ಕಸದಾಗ ಒಗದು ಅರಿಶಿನ ಹಚ್ಚಿದ್ರ ಅದು ಪೂಜಾ ಏನ್ರಿ? ನಾಳೆ ಟಿಪ್ಪರ್ ಬಂದು ಇದೇ ದ್ಯಾವ್ರ ಮ್ಯಾಲ ಕಲ್ಲು ಸುರೀತದ, ಅದಕ್ಕ ನಿಮ್ಮ ಅಪಚಾರ ಅಡ್ಡ ಬರಂಗಿಲ್ಲೇನು?"

ಅವರು ಕೋಲೂರಿಕೊಂಡು ಮನೆಗೆ ಹೋದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ನನ್ನ ಮಾತು ಓಣಿಯನ್ನೇ ಕೆಡಿಸಿತು. ಮೂರು ದಿನ ಯಾರೂ ಕಟ್ಟೆಯ ಕಡೆ ಹಾಯಲಿಲ್ಲ. ಕುರಿಗಾರನ ಮಂದಿ ನಮ್ಮ ಪಡಸಾಲೆಯಲ್ಲಿ ರೊಟ್ಟಿ ತಿಂದುಕೊಂಡು ಕೂತರು. ಉಗಾದಿ ಹತ್ತಿರ ಬರುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಸೀರೆಗೆ ಕಚ್ಚೆ ಹಾಕಿ ನಾನೇ ಇಳಿದೆ. ಮುದುಕ ಕಂದೀಲು ಬಿಟ್ಟು ನೋಡಿದ, ಬೇಡ ಎನ್ನಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ನಿಂತು, ಕೈಗೆ ಅರಿವೆ ಸುತ್ತಿಕೊಂಡು, ಎಟುಕಿದ ಫೋಟೋ ಒಂದನ್ನು ಎತ್ತಿ ಬುಟ್ಟಿಗಿಟ್ಟೆ. ಒಂದು ಪಾದ ಊರುವಷ್ಟು ಜಾಗವಾಯಿತು. ಅಲ್ಲಿ ಪಾದ ಊರಿ ಮುಂದಿನದನ್ನು ಎತ್ತಿದೆ. ಹೀಗೆ ಯಾವ ದೇವರನ್ನೂ ತುಳಿಯದೆ, ಪಾದದಷ್ಟು ಪಾದದಷ್ಟು ತೆರವು ಮಾಡುತ್ತ ಹೋದೆ. ಅರ್ಧ ತಾಸಾದ ಮೇಲೆ ಮುದುಕನ ಹೆಂಡತಿ, "ಹಂಗಾದ್ರ ನಾನೂ ಬರ್ತೀನಿ ಬೇ," ಎನ್ನುತ್ತ ಇಳಿದು ಬಂದಳು. ಅಳಿಯಂದಿರು ಮೇಲೆ ಹಗ್ಗ ಹಿಡಿದರು.

ಸೂಗೂರೇಶ್ವರ, ಲಕ್ಷ್ಮಿ, ಗಣಪತಿ, ಮತ್ತೆ ಲಕ್ಷ್ಮಿ. ಪ್ರತಿಯೊಂದನ್ನು ಎತ್ತುವಾಗಲೂ ಮನಸ್ಸಿನಲ್ಲಿ ಬೈಯುತ್ತಿದ್ದೆ: ಇದು ಗಿರಣಿಯವರದು, ಇದು ಎದುರು ಮನೆಯವರದು, ಬುದ್ಧಿಯಿಲ್ಲದ ಜನ. ಆಗ ಕೈಗೆ ಒಂದು ಸರಸ್ವತಿ ಬಂತು. ಗಾಜು ಅಡ್ಡಕ್ಕೆ ಸೀಳಿತ್ತು. ಕೆಳಗೆ ಬಿಳಿ ಬಣ್ಣದಲ್ಲಿ 'ನಮ್ಮ ಪ್ರೀತಿಯ ಟೀಚರಿಗೆ' ಎಂಬ ಅಕ್ಷರ. ಮಾನ್ವಿಯಿಂದ ವರ್ಗವಾದಾಗ ಮಕ್ಕಳು ಕೊಟ್ಟದ್ದು. ಸುಣ್ಣ ಬಳಿಯುವಾಗ ಗೋಡೆಯಿಂದ ಬಿದ್ದು ಗಾಜು ಒಡೆದಿತ್ತು. ಬಾವಿಗೆ ಬಿಟ್ಟವಳು ನಾನೇ. ಕುಂಕುಮವನ್ನೂ ಹಚ್ಚಿದ್ದೆ. ಪೂರ್ತಿ ಮರೆತಿದ್ದೆ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ನನಗಾದ ನಾಚಿಕೆಯನ್ನು ಹೇಗೆ ಹೇಳಲಿ? ಸೆರಗಿನಲ್ಲಿ ಸುತ್ತಿ ಮುಚ್ಚಿಡಬಹುದಿತ್ತು, ಕೆಳಗೆ ಯಾರೂ ಓದಬಲ್ಲವರಿರಲಿಲ್ಲ. ಒಂದು ಗಳಿಗೆ ಹಾಗೆಯೇ ಮಾಡಬೇಕೆಂದೂ ಅನಿಸಿತು. ಆದರೆ ಮಾನ್ವಿಯಲ್ಲಿ ಮುಚ್ಚಿದ ಕಿಟಕಿ ಸಾಕಾಗಿತ್ತು. ಬಾವಿಯ ತಳದಿಂದಲೇ ಓಣಿಗೆಲ್ಲ ಕೇಳುವಂತೆ ಕೂಗಿದೆ: "ಇಲ್ಲಿ ನಂದೂ ಒಂದು ಅದರೀ! ಸರಸ್ವತಿ! ನಾನೇ ಒಗದಿದ್ದೆ! ನಿಮ್ಮನ್ನ ಬೈದಿದ್ದು ನನಗೂ ಹತ್ತಬೇಕು. ನಂದು ನಾ ಮನಿಗಿ ಒಯ್ಯಾಕತ್ತೀನಿ, ನಿಮ್ಮದು ನೀವು ಬಂದು ಒಯ್ಯಿರಿ!"

ಮೇಲೆ ಯಾರೋ ನಕ್ಕರು. ಆಮೇಲೆ ಇನ್ನೊಬ್ಬರು. ಬಾವಿಯೊಳಗೆ ನಿಂತವಳಿಗೆ ಮೇಲಿನ ನಗು ತುಂಬ ದೊಡ್ಡದಾಗಿ ಕೇಳುತ್ತದೆ.

ಸಂಜೆಯ ಹೊತ್ತಿಗೆ ಕಟ್ಟೆಯ ಸುತ್ತ ದೇವರುಗಳು ಸಾಲಾಗಿ ನಿಂತಿದ್ದರು. ಮೊದಲು ಬಂದವರು ಗಿರಣಿಯವರ ಹೆಂಡತಿ. ಗಂಡನ ಕಡೆ ತಿರುಗಿಯೂ ನೋಡದೆ, "ಈ ನಾಲ್ಕು ನಮ್ಮವು," ಎಂದು ಎತ್ತಿಕೊಂಡರು. "ಆ ಗಣಪತಿ ನಮ್ದಲ್ಲ, ಅತ್ತಿಯವ್ರ ಕಾಲದ್ದು ಇರಬೇಕು, ಇರ್ಲಿ ಅದನ್ನೂ ಕೊಡ್ರಿ." ಆಮೇಲೆ ಒಬ್ಬೊಬ್ಬರೇ ಬಂದರು. ಮುಖ ಕೆಳಗೆ ಹಾಕಿ ಬಂದವರು, ನಮ್ಮದಲ್ಲ ಎಂದು ಜಗಳ ತೆಗೆದು ಕೊನೆಗೆ ಫೋಟೋದ ಹಿಂದೆ ಬರೆದ ಹೆಸರು ನೋಡಿ ಎತ್ತಿಕೊಂಡವರು, ಎಲ್ಲರೂ ಇದ್ದರು. ಒಯ್ದು ಏನು ಮಾಡುವುದು ಎಂದು ಕೇಳಿದರು. ಗಾಜು, ಕಟ್ಟು ಬೇರೆ ಮಾಡಿ, ಕಾಗದವನ್ನು ಮನೆಯ ಕೊಳಗದ ನೀರಿನಲ್ಲಿ ನೆನೆಸಿ ಬೇವಿನ ಬುಡಕ್ಕೆ ಹಾಕಿ ಎಂದೆ. ದೇವರು ಬೇರಿಗೆ ಹೋದರೆ ಏನು ಅವಮಾನ?

ಮಾರನೆಯ ದಿನದಿಂದ ಹೂಳು ಮೇಲೆ ಬರತೊಡಗಿತು. ಈಗ ಹಗ್ಗಕ್ಕೆ ಓಣಿಯ ಕೈಗಳೂ ಇದ್ದವು. ಗಿರಣಿಯವರು ಮಾತಾಡಲಿಲ್ಲ, ಆದರೆ ಹೂಳು ತುಂಬಲು ಖಾಲಿ ಚೀಲ ಕಳಿಸಿದರು. ಎಷ್ಟು ತೆಗೆದರೂ ಒಣಮಣ್ಣೇ. ಬಿಸಿಲು ಬಡಿಯುತ್ತಿತ್ತು. ಇನ್ನು ಮೂರು ದಿನಕ್ಕೆ ಉಗಾದಿ ಎನ್ನುವಾಗ ಮಣ್ಣು ಕಪ್ಪಾಯಿತು. ಮುದುಕ ಹಿಮ್ಮಡಿ ಒತ್ತಿ ತೆಗೆದ; ಆ ಗುರುತಿನಲ್ಲಿ ಮೆಲ್ಲಗೆ ನೀರು ತುಂಬಿತು.

"ಸೆಲಿ ಸತ್ತಿಲ್ರೀ ಯವ್ವಾ," ಎಂದ. "ಕಣ್ಣಾಗ ಮಣ್ಣು ಬಿದ್ದಿತ್ತು, ಅಷ್ಟ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಗಂಡ ತೀರಿಕೊಂಡಾಗಲೂ ಜನರೆದುರು ಹಾಗೆ ಅತ್ತಿರಲಿಲ್ಲ.

ಉಗಾದಿಯ ಮಾರನೆಯ ದಿನ ಟಿಪ್ಪರ್ ಬಂತು, ತುಂಬ ಕಲ್ಲುಮಣ್ಣು. ಹಿಂದೆ ಜೀಪಿನಲ್ಲಿ ಅಧಿಕಾರಿ ಬಂದ. ಬಾವಿಯಲ್ಲಿ ಮೊಣಕಾಲುದ್ದ ಕದಡಿದ ನೀರಿತ್ತು. ಅವನು ಬಗ್ಗಿ ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೇಳಿದ: "ಖರೇ ಹೇಳ್ರಿ ಮೇಡಂ. ಟ್ಯಾಂಕರ್ ತರ್ಸಿ ಸುರಿಸೀರೇನು?"

ಓಣಿಯವರು ಒಮ್ಮೆಲೇ ಗದ್ದಲ ಮಾಡಿದರು. ನನಗೆ ಮಾತ್ರ ಸಿಟ್ಟು ತಣ್ಣಗೆ ಬಂತು. ಕುರಿಗಾರನಿಗೆ ಹೇಳಿದೆ: "ಯಪ್ಪಾ, ಎಲ್ಲಾ ನೀರು ಖಾಲಿ ಮಾಡ್ರಿ."

"ಹುಚ್ಚು ಹಿಡಿತೇನ್ ಬೇ?" ಎಂದಳು ಅವನ ಹೆಂಡತಿ.

"ಖಾಲಿ ಮಾಡ್ರಿ. ಸುರಿದಿದ್ದಾದ್ರ ತಿರುಗಿ ಬರಂಗಿಲ್ಲ. ಸಾಹೇಬ್ರು ಕುಂತು ನೋಡ್ಲಿ."

ಗಿರಣಿಯವರು ಅಷ್ಟು ದಿನಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟರು. ಮನೆಯಿಂದ ಕುರ್ಚಿ ತರಿಸಿ ಹಾಕಿ, "ಕುಂದರ್ರಿ ಸಾಹೇಬ್ರ," ಎಂದರು. "ಈಗ ಎದ್ದು ಹೋದ್ರ ಚಂದ ಕಾಣಂಗಿಲ್ಲ."

ಒಂದರ ಹಿಂದೊಂದು ಕೊಡ ಮೇಲೆ ಬಂತು. ತಳ ಕಂಡಿತು. ಮುದುಕ ಒಂದು ಬೇವಿನ ಕಡ್ಡಿಗೆ ಗೇಣೆತ್ತರದಲ್ಲಿ ದಾರ ಕಟ್ಟಿ ತಳದ ನಡುವೆ ನೆಟ್ಟು ಬಂದ. ದಾರ ಮುಳುಗಿದರೆ ಬಾವಿ ನಮ್ಮದು, ಇಲ್ಲದಿದ್ದರೆ ಟಿಪ್ಪರಿನದು. ಡ್ರೈವರ್ ಎಂಜಿನ್ ಆರಿಸಿದ.

ಆ ಹೊತ್ತಿನ ಹೆದರಿಕೆಯನ್ನು ಒಪ್ಪಿಕೊಳ್ಳುತ್ತೇನೆ. ನೀರು ಬಾರದಿದ್ದರೆ ಬಾವಿಯನ್ನು ಕೊಂದವಳು ನಾನೇ ಆಗುತ್ತಿದ್ದೆ. ಇದ್ದ ಮೊಣಕಾಲುದ್ದ ನೀರನ್ನೂ ನನ್ನ ಹಟಕ್ಕೆ ಚೆಲ್ಲಿಸಿದ್ದೆ. ಒಂದು ತಾಸಾಯಿತು, ತಳ ಬರೀ ತೇವ. ಎರಡನೆಯ ತಾಸಿಗೆ ಮಂಡಾಳ ಒಗ್ಗರಣೆ ಬಂತು, ಅಧಿಕಾರಿ ಒಂದು ತಟ್ಟೆ ಮಂಡಕ್ಕಿ ತಿಂದ, ನನ್ನ ತಟ್ಟೆಯನ್ನು ಡ್ರೈವರನ ಕೈಗೆ ಕೊಟ್ಟೆ. ಮೂರು ಗಂಟೆಯ ಸುಮಾರಿಗೆ ಕಲ್ಲಿನ ಸಂದಿಗಳಿಂದ ನೀರು ಇಳಿಯುವುದು ಕಂಡಿತು. ಕಡ್ಡಿಯ ಬುಡ ಮುಳುಗಿತು, ಆಮೇಲೆ ನಡು. ದಾರ ಮುಳುಗಿದ್ದನ್ನು ಮೊದಲು ನೋಡಿದವನು ಟಿಪ್ಪರಿನ ಡ್ರೈವರ್. "ಹೋತ್ರೀ, ಹೋತು!" ಎಂದು ಅವನೇ ಕೂಗಿದ.

ಅಧಿಕಾರಿ ಎದ್ದು ಜೇಬಿನಿಂದ ಪಟ್ಟಿ ತೆಗೆದು ನಮ್ಮ ಅಂಕಿಯ ಮೇಲೆ ಗೆರೆ ಎಳೆದ. ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಹೆಂಗಸರು ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸುತ್ತಿದ್ದರು. ಆ ಗದ್ದಲದಲ್ಲಿ ಡ್ರೈವರ್ ಕೇಳಿದ: "ಸಾಹೇಬ್ರ, ಮತ್ತ ಈ ಕಲ್ಲು ಎಲ್ಲಿ ಸುರೀಲಿ?"

ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿದ. "ಮುಂದಿಂದಕ್ಕ ನಡಿ. ಎರಡು ಓಣಿ ದಾಟಿದ್ರ ಒಂದು ಅದ," ಎಂದವನು, ನಾನು ಕೇಳಿಸಿಕೊಂಡದ್ದನ್ನು ನೋಡಿ, ಸಮಾಧಾನ ಹೇಳುವ ದನಿಯಲ್ಲಿ ಸೇರಿಸಿದ: "ಅದು ಇದಕ್ಕಿಂತ ಸಣ್ಣದು ಬಿಡ್ರಿ ಮೇಡಂ."

ಎಂಜಿನ್ ಮತ್ತೆ ಶುರುವಾಯಿತು. ನಮ್ಮ ಓಣಿ ಅಗಲವಿಲ್ಲ. ಟಿಪ್ಪರ್ ಹೋಗುವಾಗ ಎರಡೂ ಬದಿಯ ಕಟ್ಟೆಗಳನ್ನು ಉಜ್ಜುತ್ತದೆ, ಮುಂದೆ ಒಬ್ಬರು ನಡೆಯುತ್ತಿದ್ದರೂ ದಾಟಿ ಹೋಗಲಾಗದು. ನಾನು ಚಪ್ಪಲಿ ಹಾಕಿಕೊಳ್ಳದೆ ಹೋಗಿ ಅದರ ಮುಂದೆ ನಡೆಯತೊಡಗಿದೆ. ಡ್ರೈವರ್ ಹಾರ್ನ್ ಹೊಡೆದ. ಮುದುಕ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಂದು ನನ್ನ ಪಕ್ಕ ಸೇರಿದ, ಅವನ ಹಿಂದೆ ಬುಟ್ಟಿಗಳೊಂದಿಗೆ ಅವನ ಹೆಂಡತಿ. ಡ್ರೈವರ್ ಮತ್ತೆ ಹಾರ್ನ್ ಹೊಡೆದ. ನನಗೆ ಮೊಣಕಾಲು ನೋವಿದೆ. ನಿಧಾನವಾಗಿಯೇ ನಡೆದೆ.